ಬ್ಯಾಂಕಾಕಿಗೆ ಒಂದೇ ಮೆಜೆಸ್ಟಿಕ್ ಇಲ್ಲ

ಆಡೂರು, ಅಕ್ಕಿಆಲೂರು, ಹಾನಗಲ್ಲು, ಹಿರೇಕೆರೂರು, ಶಿಗ್ಗಾಂವಿ, ಸವಣೂರು ಕಡೆಯವರು ಕೆಲಸದ ಮೇಲೆ ಬೆಂಗಳೂರಿಗೆ ಹೊರಟರೆ ಎಲ್ಲಿ ಉಳಿಯಬೇಕೆಂದು ತಲೆ ಕೆಡಿಸಿಕೊಳ್ಳುವುದಿಲ್ಲ. ಹಾವೇರಿಯಲ್ಲಿ ರಾತ್ರಿ ಹತ್ತಿದ ಬಸ್ಸು ಬೆಳಗಿನ ಜಾವ ಮೆಜೆಸ್ಟಿಕ್ಕಿನಲ್ಲಿ ಇಳಿಸುತ್ತದೆ. ಗಾಂಧಿನಗರದ ಯಾವುದೋ ಲಾಡ್ಜಿನಲ್ಲಿ ಬ್ಯಾಗು ಇಟ್ಟು, ಆರರಿಂದ ಎಂಟರವರೆಗೆ ಮಾತ್ರ ಬರುವ ಬಿಸಿನೀರಿಗೆ ಬಕೆಟ್ ಹಚ್ಚಿ, ಇಡ್ಲಿ ತಿಂದು ಹೊರಬಿದ್ದರೆ ಆಯಿತು. ಹೈಕೋರ್ಟಿಗೂ ವಿಧಾನಸೌಧಕ್ಕೂ ವಿಕ್ಟೋರಿಯಾ ಆಸ್ಪತ್ರೆಗೂ ಅಲ್ಲಿಂದ ಬಸ್ಸಿದೆ. ಕೋಣೆಯ ಕಿಟಕಿ ಎದುರಿನ ಗೋಡೆಗೆ ತೆರೆದುಕೊಳ್ಳುತ್ತದೆ ಎಂದು ಯಾರೂ ದೂರುವುದಿಲ್ಲ. ಕೊಟ್ಟ ದುಡ್ಡು ಕೋಣೆಗಲ್ಲ, ಜಾಗಕ್ಕೆ ಎಂಬುದು ಎಲ್ಲರಿಗೂ ಗೊತ್ತು.

ಈ ತಿಳಿವಳಿಕೆ ಹಳೆಯದು. ಗುಬ್ಬಿ ತೋಟದಪ್ಪನವರು ಬೆಂಗಳೂರಿನಲ್ಲಿ ಪ್ರಯಾಣಿಕರಿಗಾಗಿ ಛತ್ರ ಕಟ್ಟಲು ಹೊರಟಾಗ ಆರಿಸಿಕೊಂಡದ್ದು ರೈಲು ನಿಲ್ದಾಣದ ಎದುರಿನ ಜಾಗವನ್ನು. 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅದನ್ನು ಉದ್ಘಾಟಿಸಿದರು. ಇನ್ನೂ ಹಿಂದಕ್ಕೆ ಹೋದರೆ ಆಡೂರಿನಲ್ಲೇ ಸಿಕ್ಕಿರುವ ಬಾದಾಮಿ ಚಾಲುಕ್ಯ ಕೀರ್ತಿವರ್ಮನ ಕಾಲದ ಶಾಸನದಲ್ಲಿ ಜಿನಾಲಯವೊಂದರ ದಾನಶಾಲೆಗೆ ಹೊಲ ಬಿಟ್ಟ ಮಾತಿದೆ. ಬಂದವರಿಗೆ ತುತ್ತು ಹಾಕುವ ವ್ಯವಸ್ಥೆಗೆ ಕಲ್ಲಿನಲ್ಲಿ ದಾಖಲೆ ಬರೆಸಿದ ಊರು ಅದು.

ಈಗ ಅದೇ ಸೀಮೆಯ ಮನೆಗಳಿಂದ ಜನ ಬ್ಯಾಂಕಾಕಿಗೆ ಹೋಗುತ್ತಿದ್ದಾರೆ. ಬೀಜದ ಕಂಪನಿಯೋ ಸಿಮೆಂಟಿನ ಕಂಪನಿಯೋ ಡೀಲರುಗಳನ್ನು ಕರೆದೊಯ್ಯುತ್ತದೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಮಗಳು ಅಪ್ಪ–ಅವ್ವನ ಟಿಕೆಟ್ ತೆಗೆಸುತ್ತಾಳೆ. ವಿಮಾನದಲ್ಲಿ ನಾಲ್ಕು ಗಂಟೆಯ ಹಾದಿ, ಬಸ್ಸಿನಲ್ಲಿ ಹಾವೇರಿಯಿಂದ ಬೆಂಗಳೂರಿಗೆ ಬರುವುದಕ್ಕಿಂತ ಕಡಿಮೆ. 2023ರ ನವೆಂಬರಿನಲ್ಲಿ ಥಾಯ್ಲೆಂಡು ಭಾರತೀಯರಿಗೆ ವೀಸಾ ಇಲ್ಲದೆ ಪ್ರವೇಶ ಕೊಡಲು ಶುರುಮಾಡಿದ ಮೇಲಂತೂ ಹೋಗುವವರು ಹೆಚ್ಚಿದರು. ಈ ನಿಯಮ ಆಗಾಗ ಬದಲಾಗುತ್ತದೆ, ಟಿಕೆಟ್ ತೆಗೆಸುವ ಮುನ್ನ ಒಮ್ಮೆ ನೋಡಿಕೊಳ್ಳಬೇಕು. 2025ರ ಮೇ 1ರಿಂದ ಇನ್ನೊಂದು ಕೆಲಸ ಸೇರಿಕೊಂಡಿದೆ. ಅಲ್ಲಿ ಇಳಿಯುವ ಮೊದಲಿನ ಮೂರು ದಿನದೊಳಗೆ ಆನ್‌ಲೈನಿನಲ್ಲಿ ಆಗಮನದ ಫಾರ್ಮ್ ತುಂಬಬೇಕು, ಅದರಲ್ಲಿ ಉಳಿಯುವ ಜಾಗದ ವಿಳಾಸ ಬರೆಯಬೇಕು. ‘ಹೋಗಿ ಇಳಿದ ಮ್ಯಾಲೆ ನೋಡೋಣ’ ಎನ್ನುವ ಮೆಜೆಸ್ಟಿಕ್ ಪದ್ಧತಿ ಇಲ್ಲಿ ನಡೆಯುವುದಿಲ್ಲ.

ವಿಳಾಸ ಮೊದಲೇ ಗಟ್ಟಿಯಾಗಬೇಕು ಎಂದಾಗ ಶುರುವಾಗುತ್ತದೆ ಪೀಕಲಾಟ. ಮೊಬೈಲಿನಲ್ಲಿ ಬ್ಯಾಂಕಾಕ್ ಎಂದು ಹಾಕಿದರೆ ಸಾವಿರಾರು ಹೋಟೆಲು. ಎಲ್ಲದರ ಮೇಲೂ ಈಜುಕೊಳ, ಎಲ್ಲದರ ಹಾಸಿಗೆಯೂ ಬಿಳಿ. ಹೊಸಬರು ಫೋಟೋ ನೋಡಿ, ನಕ್ಷತ್ರ ಎಣಿಸಿ, ಅಗ್ಗವಾದದ್ದನ್ನು ಒತ್ತುತ್ತಾರೆ. ಅಲ್ಲಿ ನಕ್ಷತ್ರದ ಮಾನ್ಯತೆ ಪಡೆಯುವುದು ಹೋಟೆಲಿನವರ ಇಚ್ಛೆಗೆ ಬಿಟ್ಟದ್ದು. ಬುಕಿಂಗ್ ಆ್ಯಪಿನಲ್ಲಿ ಕಾಣುವ ನಕ್ಷತ್ರ ಎಷ್ಟೋ ಸಲ ಆ್ಯಪಿನವರೋ ಹೋಟೆಲಿನವರೋ ಹಾಕಿಕೊಂಡದ್ದು. ಮೆಜೆಸ್ಟಿಕ್ಕಿನ ಲಾಡ್ಜನ್ನು ನಕ್ಷತ್ರ ನೋಡಿ ಆರಿಸದ ಜನ ಇಲ್ಲಿ ಮಾತ್ರ ಅದಕ್ಕೆ ಮರುಳಾಗುವುದು ವಿಚಿತ್ರ.

ಬ್ಯಾಂಕಾಕಿನಲ್ಲಿ ಮೆಜೆಸ್ಟಿಕ್ ಇಲ್ಲದಿಲ್ಲ, ನಾಲ್ಕೈದಿವೆ. ಎಲ್ಲ ದಾರಿಗಳೂ ಕೂಡುವ ಒಂದೇ ಜಾಗವಿಲ್ಲ ಅಷ್ಟೇ. ನಗರದ ನಡುವೆ ಬಯಲುಸೀಮೆಯ ಹೊಳೆಯಂತೆ ಅಂಕುಡೊಂಕಾಗಿ ಹರಿಯುವ ಛಾವೋ ಫ್ರಾಯಾ ನದಿ. ಅದರ ಪೂರ್ವ ದಡದಲ್ಲಿ ಅರಮನೆ, ದೇವಾಲಯಗಳಿರುವ ಹಳೆಯ ಪಟ್ಟಣ. ಇನ್ನೂ ಪೂರ್ವಕ್ಕೆ ಹೊಸ ಅಂಗಡಿ–ಆಫೀಸುಗಳ ನಗರ. ಸಂಜೆಯ ಟ್ರಾಫಿಕ್ಕಿನಲ್ಲಿ ಇವೆರಡರ ನಡುವೆ ಟ್ಯಾಕ್ಸಿ ಹತ್ತಿದವರಿಗೆ ಸಿಲ್ಕ್ ಬೋರ್ಡ್ ಜಂಕ್ಷನ್ ನೆನಪಾಗದೆ ಇರದು. ಅದರಿಂದ ಪಾರುಮಾಡುವುದು ರೈಲು. ಕಂಬಗಳ ಮೇಲೆ ಓಡುವ ಬಿ.ಟಿ.ಎಸ್. ರೈಲು 1999ರ ಡಿಸೆಂಬರ್ 5ರಂದು ಶುರುವಾಯಿತು, ನೆಲದಡಿಯ ಎಂ.ಆರ್.ಟಿ. 2004ರಲ್ಲಿ. 2019ರಲ್ಲಿ ನೆಲದಡಿಯ ಮಾರ್ಗ ಹಳೆಯ ಪಟ್ಟಣಕ್ಕೂ ಬಂತು. ಮಲಗಿದ ಬುದ್ಧನಿರುವ ವಾಟ್ ಫೋ ದೇವಾಲಯಕ್ಕೆ ಈಗ ಸನಾಮ್ ಛಾಯ್ ನಿಲ್ದಾಣದಿಂದ ನಡೆದೇ ಹೋಗಬಹುದು. ಹೀಗಾಗಿ ಹೋಟೆಲು ಹುಡುಕುವವರು ಮೊದಲು ತೆರೆಯಬೇಕಾದದ್ದು ರೈಲಿನ ನಕ್ಷೆ, ಆಮೇಲೆ ಬುಕಿಂಗ್ ಆ್ಯಪು.

ನಕ್ಷೆ ನೋಡಿದರೂ ವಿಳಾಸ ಮೋಸ ಮಾಡುತ್ತದೆ. ಪ್ಯಾಕೇಜಿನ ಕಾಗದಗಳಲ್ಲಿ ಹೆಚ್ಚಾಗಿ ಕಾಣುವ ಹೆಸರು ಸುಖುಮ್ವಿತ್. ‘ಹೋಟೆಲು ಸುಖುಮ್ವಿತ್ ರಸ್ತೆಯಲ್ಲಿದೆ’ ಎಂದರೆ ಏನೂ ಹೇಳಿದಂತಾಗಲಿಲ್ಲ. ಆ ರಸ್ತೆ ಬ್ಯಾಂಕಾಕಿನಲ್ಲಿ ಮುಗಿಯುವುದಿಲ್ಲ, ಪಟ್ಟಾಯ ದಾಟಿ ಕಾಂಬೋಡಿಯಾ ಗಡಿಯ ತ್ರಾತ್ ಪ್ರಾಂತ್ಯದವರೆಗೆ ಹೋಗುತ್ತದೆ. ಅದಕ್ಕೆ ಎಡಬಲಕ್ಕೆ ಅಂಟಿಕೊಂಡ ಅಡ್ಡ ಓಣಿಗಳಿಗೆ ಸೋಯ್ ಎನ್ನುತ್ತಾರೆ. ಬೆಸ ಸಂಖ್ಯೆಯ ಸೋಯ್‌ಗಳು ಉತ್ತರಕ್ಕೆ, ಸಮ ಸಂಖ್ಯೆಯವು ದಕ್ಷಿಣಕ್ಕೆ. ಎದುರುಬದುರಿನ ಸಂಖ್ಯೆಗಳು ಒಂದಕ್ಕೊಂದು ಹೊಂದುವುದೂ ಇಲ್ಲ: ಥೋಂಗ್ ಲೋ ನಿಲ್ದಾಣದಲ್ಲಿ ಇಳಿದರೆ ಈ ಕಡೆ ಸೋಯ್ 55, ಆ ಕಡೆ ಸೋಯ್ 38. ಕೆಲವು ಓಣಿಗಳು ಒಂದೂವರೆ–ಎರಡು ಕಿಲೋಮೀಟರ್ ಉದ್ದ. ಹೋಟೆಲು ಬಾಯಿಯಲ್ಲಿದೆಯೋ ಬಾಲದಲ್ಲಿದೆಯೋ ಎಂಬುದರ ಮೇಲೆ ಇಡೀ ಪ್ರವಾಸದ ಸುಖ ನಿಂತಿದೆ.

ಬಾಲದಲ್ಲಿದ್ದರೆ ಏನಾಗುತ್ತದೆ? ಓಣಿಯ ಬಾಯಿಯಲ್ಲಿ ಕಿತ್ತಳೆ ಬಣ್ಣದ ತೋಳಿಲ್ಲದ ಜಾಕೆಟ್ ತೊಟ್ಟ ಹುಡುಗರು ಬೈಕು ನಿಲ್ಲಿಸಿಕೊಂಡು ಕುಳಿತಿರುತ್ತಾರೆ. ಅವು ಬೈಕ್ ಟ್ಯಾಕ್ಸಿಗಳು. ಅಲ್ಲಿನವರು ಹಿಂದೆ ಕೂತು ಎರಡು ನಿಮಿಷದಲ್ಲಿ ಮನೆ ಸೇರುತ್ತಾರೆ. ಇಳಕಲ್ ಸೀರೆ ಉಟ್ಟ, ಮೊಣಕಾಲು ನೋವಿನ ಅವ್ವನನ್ನು ಅದರ ಮೇಲೆ ಕೂರಿಸುವುದು ಆಗದ ಮಾತು. ಏಪ್ರಿಲ್ ಬಿಸಿಲಿನಲ್ಲಿ, ಮೈಗೆ ಅಂಟುವ ಆ ಸೆಕೆಯಲ್ಲಿ, ಅಂಗಡಿ ಗಾಡಿಗಳು ಅರ್ಧ ತಿಂದ ಫುಟ್‌ಪಾತಿನ ಮೇಲೆ ಒಂದೂವರೆ ಕಿಲೋಮೀಟರ್ ನಡೆಸುವುದೂ ಅಷ್ಟೇ. ಹುಬ್ಬಳ್ಳಿಯಲ್ಲೋ ಹಾವೇರಿಯಲ್ಲೋ ಪ್ಯಾಕೇಜು ಮಾರುವವರ ಎದುರು ಕೂತಾಗ ಕೇಳಬೇಕಾದ ಮೊದಲ ಪ್ರಶ್ನೆ ಇದೇ:

‘ಸ್ಟೇಶನ್ನಿಂದ ಹೋಟೆಲಿಗೆ ಎಷ್ಟ್ ನಡೀಬೇಕ್ರೀ?’

‘ಹತ್ರನ ಐತ್ರಿ, ಐದ್ ನಿಮಿಷ’ ಎಂಬ ಉತ್ತರವನ್ನು ನಂಬಬಾರದು. ಹೋಟೆಲಿನ ಹೆಸರು, ಸೋಯ್ ನಂಬರು ಬರೆಸಿಕೊಂಡು ಮೊಬೈಲಿನ ನಕ್ಷೆಯಲ್ಲಿ ನಡಿಗೆಯ ದಾರಿ ಹಾಕಿ ನೋಡಬೇಕು. ಹೆಸರನ್ನೇ ಕೊಡದೆ ‘ನಾಲ್ಕು ನಕ್ಷತ್ರದ ಹೋಟೆಲು ಅಥವಾ ಅದಕ್ಕೆ ಸಮಾನವಾದದ್ದು’ ಎಂದು ಅಚ್ಚು ಹಾಕಿದ ಕಾಗದ ಕೊಟ್ಟರೆ, ಬೇರಾವುದೋ ಮೂಲೆಯ ಹೋಟೆಲಿಗೆ ದೂಡಲು ಆ ‘ಸಮಾನ’ ಸಾಕು.

ಇನ್ನು ಯಾವ ಮೆಜೆಸ್ಟಿಕ್ ಯಾರಿಗೆ? ಊಟದ ಚಿಂತೆ ಹೆಚ್ಚಿರುವ, ಹಿರಿಯರಿರುವ ಕುಟುಂಬಕ್ಕೆ ಸೀಲೋಮ್ ಒಳ್ಳೆಯದು. ಇಲ್ಲಿ ಪಾನ್ ರಸ್ತೆಯ ಮೂಲೆಯಲ್ಲಿ ತಮಿಳರು 1879ರಲ್ಲಿ ಕಟ್ಟಿದ ಮಾರಿಯಮ್ಮನ್ ಗುಡಿಯಿದೆ. ಬಣ್ಣಬಣ್ಣದ ಗೋಪುರ, ಹೂವಿನ ಅಂಗಡಿ, ಕೈಮುಗಿದು ನಿಂತ ಥಾಯ್ ಹುಡುಗಿಯರು. ಗುಡಿಗೆ ಬರುವವರಲ್ಲಿ ಭಾರತೀಯರಿಗಿಂತ ಅಲ್ಲಿನವರೇ ಹೆಚ್ಚು ಕಾಣುತ್ತಾರೆ. ಸುತ್ತಮುತ್ತ ದೋಸೆ, ಅನ್ನ ಸಾರು ಸಿಗುವ ದಕ್ಷಿಣ ಭಾರತದ ಹೋಟೆಲುಗಳಿವೆ. ಸುರಸಕ್ ರೈಲು ನಿಲ್ದಾಣ ಹತ್ತು ನಿಮಿಷದ ನಡಿಗೆ. ಮುಂದಿನ ನಿಲ್ದಾಣ ಸಫಾನ್ ತಾಕ್ಸಿನ್‌ನಲ್ಲಿ ಇಳಿದರೆ ಕಾಲ ಬುಡದಲ್ಲೇ ದೋಣಿಗಟ್ಟೆ, ಅಲ್ಲಿಂದ ನದಿಯ ಮೇಲೆ ಅರಮನೆಗೂ ವಾಟ್ ಅರುಣ್ ದೇವಾಲಯಕ್ಕೂ ತಂಪಾಗಿ ಹೋಗಬಹುದು. ಒಂದು ಎಚ್ಚರ: ದಸರಾ ರಜೆಯಲ್ಲಿ ಹೋಗುವವರು ನೆನಪಿಡಬೇಕು, ನವರಾತ್ರಿಯ ಕೊನೆಗೆ ದೇವಿಯ ಮೆರವಣಿಗೆ ಹೊರಡುವ ರಾತ್ರಿ ಆ ಸುತ್ತಿನ ರಸ್ತೆಗಳು ಬಂದಾಗುತ್ತವೆ. ನೋಡಲು ಸೊಗಸು; ಅದೇ ರಾತ್ರಿ ವಿಮಾನ ಹಿಡಿಯಬೇಕಾದವರಿಗೆ ಫಜೀತಿ. ಸೀಲೋಮಿನ ಇನ್ನೊಂದು ತುದಿ ಪತ್‌ಪೊಂಗ್. ಅಲ್ಲಿ ಸಂತೆಯೂ ಉಂಟು, ಮನೆಮಂದಿಯೆಲ್ಲ ಒಟ್ಟಿಗೆ ನೋಡಲಾಗದ ಬಾರುಗಳೂ ಉಂಟು.

ಬಟ್ಟೆ ವ್ಯಾಪಾರಿಗಳು ಪ್ರತೂನಾಮ್ ಬಿಟ್ಟು ಬೇರೆ ಕಡೆ ಉಳಿಯುವುದಿಲ್ಲ. ಹೋಲ್‌ಸೇಲ್ ಬಟ್ಟೆಯ ಬಜಾರು ಅದು, ಭಾರತೀಯ ಊಟವೂ ಸಿಗುತ್ತದೆ, ವಿಮಾನ ನಿಲ್ದಾಣದ ರೈಲಿನ ರಾತ್ಚಪ್ರಾರೋಪ್ ನಿಲ್ದಾಣವೂ ಸಮೀಪ. ಗದ್ದಲ ಮಾತ್ರ ಬೆಳಗಿನ ಜಾವದಿಂದ. ಹಳೆಯ ಪಟ್ಟಣದ ಪಾಹುರತ್‌ನಲ್ಲಿ ಸೀರೆ, ಬಳೆ, ಮಸಾಲೆ ಅಂಗಡಿಗಳ ನಡುವೆ ಬಂಗಾರದ ಗುಮ್ಮಟದ ಗುರುದ್ವಾರವಿದೆ, ಅಲ್ಲಿನ ಲಂಗರಿನಲ್ಲಿ, ಅಂದರೆ ದಾಸೋಹದಲ್ಲಿ, ಯಾರು ಬೇಕಾದರೂ ಕೂತು ಉಣ್ಣಬಹುದು. ಸುಖುಮ್ವಿತ್‌ನ ನಾನಾ ನಿಲ್ದಾಣದ ಸುತ್ತ ಉತ್ತರ ಭಾರತದ ಹೋಟೆಲುಗಳು ಧಾರಾಳ, ಕೋಣೆಗಳೂ ಅಗ್ಗ. ಆದರೆ ರಾತ್ರಿ ಎಂಟರ ನಂತರ ಆ ಓಣಿಗಳ ಬದುಕೇ ಬೇರೆ. ಅಪ್ಪ–ಅವ್ವ, ಮಕ್ಕಳೊಂದಿಗೆ ಹೋದವರಿಗೆ ಅದರ ಮುಂದಿನ ಅಸೋಕ್ ನಿಲ್ದಾಣ ವಾಸಿ, ಎರಡೂ ರೈಲುಗಳು ಕೂಡುವ ಜಾಗ. ಯುವಕರು ಕೇಳಿ ಹೋಗುವ ಖಾವೊ ಸಾನ್ ರಸ್ತೆಗೆ ರೈಲೇ ಇಲ್ಲ, ನಿದ್ದೆಯೂ ಇಲ್ಲ.

ಸ್ಥಳ ಸರಿಯಾದರೆ ಮುಂದಿನದು ಸಮಯ. ಗಾಂಧಿನಗರದ ಎಷ್ಟೋ ಲಾಡ್ಜುಗಳಲ್ಲಿ 24 ಗಂಟೆಯ ಲೆಕ್ಕ. ಬೆಳಗಿನ ಐದಕ್ಕೆ ಒಳಹೊಕ್ಕರೆ ಮರುದಿನ ಐದರವರೆಗೆ ಕೋಣೆ ನಿಮ್ಮದು. ಬ್ಯಾಂಕಾಕಿನಲ್ಲಿ ಕೋಣೆ ಕೊಡುವುದು ಮಧ್ಯಾಹ್ನ ಎರಡಕ್ಕೆ, ಬಿಡಿಸುವುದು ಮರುದಿನ ಹನ್ನೊಂದು ಅಥವಾ ಹನ್ನೆರಡಕ್ಕೆ. ಬೆಂಗಳೂರಿನಿಂದ ಅಲ್ಲಿಗೆ ಹೋಗುವ ವಿಮಾನಗಳಲ್ಲಿ ಹಲವು ನಡುರಾತ್ರಿಯ ಆಸುಪಾಸು ಹೊರಡುತ್ತವೆ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಮುಂದೆ. ಇಳಿಯುವುದು ಬೆಳಗಿನ ಐದಾರು ಗಂಟೆಗೆ, ವಲಸೆ ಕೌಂಟರ್ ದಾಟಿ ಹೋಟೆಲು ತಲುಪಿದಾಗ ಎಂಟೋ ಒಂಬತ್ತೋ. ನಿದ್ದೆಗೆಟ್ಟ ಹತ್ತು ಜನರ ಗುಂಪು ಲಾಬಿಯ ಸೋಫಾದ ಮೇಲೆ ಸೂಟ್‌ಕೇಸುಗಳ ನಡುವೆ ಆಕಳಿಸುತ್ತಾ ಕೂತಿರುವ ದೃಶ್ಯ ಅಲ್ಲಿನ ಹೋಟೆಲುಗಳಲ್ಲಿ ದಿನನಿತ್ಯದ್ದು.

ಇದಕ್ಕೆ ದಾರಿಗಳಿವೆ. ಬ್ಯಾಗುಗಳನ್ನು ಹೆಚ್ಚಿನ ಹೋಟೆಲುಗಳು ಪುಕ್ಕಟೆಯಾಗಿ ಇಟ್ಟುಕೊಳ್ಳುತ್ತವೆ. ಬೇಗ ಕೋಣೆ ಕೊಡಿ ಎಂದು ಮೊದಲೇ ಸಂದೇಶ ಕಳಿಸಿದರೆ, ಖಾಲಿ ಇದ್ದಾಗ ಕೊಡುವುದೂ ಉಂಟು, ಸ್ವಲ್ಪ ದುಡ್ಡು ಕೇಳುವುದೂ ಉಂಟು. ವಯಸ್ಸಾದವರಿದ್ದರೆ ಹಿಂದಿನ ರಾತ್ರಿಯಿಂದಲೇ ಕೋಣೆ ಬುಕ್ ಮಾಡಿ, ‘ಬೆಳಿಗ್ಗೆ ಬರುತ್ತೇವೆ, ರದ್ದು ಮಾಡಬೇಡಿ’ ಎಂದು ತಿಳಿಸುವುದೇ ಸರಿ. ಒಂದು ರಾತ್ರಿಯ ಬಾಡಿಗೆ ದಂಡವಾಯಿತು ಎನ್ನಿಸಬಹುದು. ಆದರೆ ಮೊದಲ ದಿನವೇ ಬಿ.ಪಿ. ಏರಿಸಿಕೊಂಡು ಮಲಗಿದರೆ ಕೈತಪ್ಪುವ ಪ್ರವಾಸದ ಬೆಲೆ ಅದಕ್ಕಿಂತ ಹೆಚ್ಚು.

ದರದ ವಿಷಯಕ್ಕೆ ಬಂದರೆ, ಬಾತ್ ಲೆಕ್ಕದಲ್ಲಿ ಬರೆದ ಬೆಲೆಯ ಮುಂದೆ ಎರಡು ಕೂಡಿಸುವ ಚಿಹ್ನೆಗಳಿದ್ದರೆ ಎಚ್ಚರವಾಗಬೇಕು. ಒಂದು ಶೇ 10ರ ಸೇವಾ ಶುಲ್ಕ, ಇನ್ನೊಂದು ಅದರ ಮೇಲೂ ಸೇರಿಸಿ ಹಾಕುವ ಶೇ 7ರ ತೆರಿಗೆ. 2,000 ಬಾತಿನ ಕೋಣೆ 2,354 ಆಗುತ್ತದೆ; ನಾಲ್ಕು ರಾತ್ರಿಗೆ 1,416 ಬಾತ್ ಹೆಚ್ಚು. ಒಂದು ಬಾತ್ ಎರಡೂವರೆ–ಮೂರು ರೂಪಾಯಿಯ ನಡುವೆ ಎಂದು ಹಿಡಿದರೂ ಅದು ಮೂರೂವರೆ ಸಾವಿರ ದಾಟಿತು. ಕೆಲವು ಆ್ಯಪುಗಳು ಮೊದಲು ಸಣ್ಣ ಬೆಲೆ ತೋರಿಸಿ ಕೊನೆಯ ಪುಟದಲ್ಲಿ ಇದನ್ನೆಲ್ಲ ಸೇರಿಸುತ್ತವೆ, ಹೋಲಿಸುವುದಾದರೆ ಕೊನೆಯ ಪುಟವನ್ನೇ ಹೋಲಿಸಬೇಕು. ನವೆಂಬರಿನಿಂದ ಫೆಬ್ರುವರಿಯವರೆಗೆ ತಂಪು, ಬೆಲೆ ಬಿಸಿ. ಏಪ್ರಿಲ್ 13ರಿಂದ 15 ಅಲ್ಲಿನ ಹೊಸವರ್ಷ ಸೋಂಗ್‌ಕ್ರಾನ್. ಬೀದಿಯಲ್ಲಿ ಹೋದವರೆಲ್ಲರ ಮೇಲೆ ನೀರು ಎರಚುತ್ತಾರೆ. ಮಕ್ಕಳಿಗೆ ಖುಷಿ, ಮೊಬೈಲಿಗೆ ಅಲ್ಲ.

ಅಗ್ಗವೆಂದು ಅಪಾರ್ಟ್‌ಮೆಂಟಿನ ಮನೆ ಹಿಡಿಯುವ ಆಸೆಯೂ ಹಲವರಿಗೆ. ಅಡುಗೆಮನೆ ಸಿಗುತ್ತದೆ, ಒಂದು ಒಗ್ಗರಣೆ ಹಾಕಿಕೊಳ್ಳಬಹುದು ಎಂಬ ಲೆಕ್ಕ. ಥಾಯ್ಲೆಂಡಿನ 2004ರ ಹೋಟೆಲು ಕಾಯ್ದೆಯ ಪ್ರಕಾರ ಮೂವತ್ತು ದಿನಕ್ಕಿಂತ ಕಡಿಮೆ ಅವಧಿಗೆ ದಿನಬಾಡಿಗೆಗೆ ಕೊಡಲು ಪರವಾನಗಿ ಬೇಕು. ಸಣ್ಣ ಹೋಂಸ್ಟೇಗಳಿಗೆ ವಿನಾಯಿತಿ ಇದೆ, ಕಾಂಡೊಮಿನಿಯಮ್ ಫ್ಲಾಟುಗಳಲ್ಲಿ ಹೆಚ್ಚಿನವಕ್ಕೆ ಪರವಾನಗಿ ಇರುವುದಿಲ್ಲ. ಎಷ್ಟೋ ಕಟ್ಟಡಗಳ ಲಾಬಿಯಲ್ಲಿ ‘ದಿನಬಾಡಿಗೆ ಇಲ್ಲ’ ಎಂಬ ಫಲಕವೇ ಇದೆ. ಕಾವಲುಗಾರ ತಡೆದರೆ ಬೆಳಗಿನ ಆರು ಗಂಟೆಗೆ ಸೂಟ್‌ಕೇಸು ಹಿಡಿದು ಬೀದಿಯಲ್ಲಿ ನಿಲ್ಲಬೇಕಾದವರು ಬಾಡಿಗೆ ಕೊಟ್ಟವರೇ. ವಿದೇಶಿಯರು ತಂಗಿದ 24 ಗಂಟೆಯೊಳಗೆ ವಲಸೆ ಇಲಾಖೆಗೆ ತಿಳಿಸುವ ಹೊಣೆಯೂ ಜಾಗದ ಒಡೆಯರದು. ಅದಕ್ಕಾಗಿಯೇ ಹೋಟೆಲಿನವರು ಪ್ರತಿಯೊಬ್ಬರ ಪಾಸ್‌ಪೋರ್ಟ್ ತೆಗೆದುಕೊಂಡು ನಕಲು ಮಾಡಿಕೊಳ್ಳುತ್ತಾರೆ. ನಕಲು ಮಾಡಿಕೊಳ್ಳಲಿ, ಮೂಲವನ್ನು ಅಲ್ಲೇ ಬಿಡಬಾರದು.

ಕೋಣೆಯೊಳಗೆ ಕಾಲಿಟ್ಟ ಮೇಲಿನ ಸಂಗತಿಗಳೂ ಸ್ವಲ್ಪ ಇವೆ. ‘ಡಬಲ್’ ಎಂದರೆ ಒಂದೇ ದೊಡ್ಡ ಹಾಸಿಗೆ, ‘ಟ್ವಿನ್’ ಎಂದರೆ ಬೇರೆ ಬೇರೆ ಎರಡು. ಭಾವಂದಿರಿಬ್ಬರು ಡಬಲ್ ರೂಮಿನಲ್ಲಿ ಒಂದೇ ರಗ್ಗು ಎಳೆದಾಡುವ ಪ್ರಸಂಗ ಬರಬಾರದೆಂದರೆ ಬುಕಿಂಗಿನಲ್ಲೇ ನೋಡಬೇಕು. ಊರಿನ ಲಾಡ್ಜಿನಂತೆ ‘ಒಂದ್ ಗಾದಿ ಹಾಕ್ರಿ, ನೆಲಕ್ಕ ಮಲಗ್ತೇವಿ’ ಎಂದರೆ ನಡೆಯುವುದಿಲ್ಲ. ತಲೆ ಎಣಿಸುತ್ತಾರೆ, ಹೆಚ್ಚಿನ ಹಾಸಿಗೆಗೆ ದುಡ್ಡು. ಬಚ್ಚಲಲ್ಲಿ ಬಕೆಟ್, ಚೊಂಬು ಸಿಗದು, ಆದರೆ ಯುರೋಪಿನಲ್ಲಿ ಪರದಾಡುವವರು ಹಂಬಲಿಸುವ ನೀರಿನ ಸ್ಪ್ರೇ ಪೈಪು ಥಾಯ್ ಹೋಟೆಲುಗಳಲ್ಲಿ ಸಾಮಾನ್ಯ. ನಮ್ಮ ಎರಡು ಕಡ್ಡಿಯ ಮೊಬೈಲ್ ಚಾರ್ಜರ್ ಅಲ್ಲಿನ ಪ್ಲಗ್ಗಿಗೆ ಕೂರುತ್ತದೆ, ದಪ್ಪ ಮೂರು ಕಡ್ಡಿಯದು ಕೂರುವುದಿಲ್ಲ. ಬಾಗಿಲ ಹಿಂದೆ ಮುಳ್ಳುಹಣ್ಣಿನ ಚಿತ್ರದ ಮೇಲೆ ಕೆಂಪು ಗೆರೆ ಎಳೆದ ಚೀಟಿ ಇರಬಹುದು. ಅದು ಹಲಸಲ್ಲ, ದುರಿಯನ್. ಅದರ ವಾಸನೆ ಕೋಣೆಯಿಂದ ಹೋಗಲು ದಿನಗಳೇ ಬೇಕು, ತಂದವರಿಗೆ ದಂಡ. ಬೆಳಗಿನ ಪೂಜೆಗೆ ಇಷ್ಟಲಿಂಗ, ವಿಭೂತಿಗೆ ಯಾವ ಅಡ್ಡಿಯೂ ಇಲ್ಲ. ಊದುಬತ್ತಿ, ಕರ್ಪೂರ ಹಚ್ಚಿದರೆ ಮಾತ್ರ ಹೊಗೆಯ ಅಲಾರಂ ಕೂಗಿ ಇಡೀ ಮಹಡಿ ಹೊರಗೆ ಬಂದು ನಿಲ್ಲಬಹುದು.

ಊಟದಲ್ಲಿ ‘ವೆಜ್’ ಎಂದರೆ ಅಲ್ಲಿ ಎಲ್ಲರಿಗೂ ಅರ್ಥವಾಗುವುದಿಲ್ಲ. ತರಕಾರಿ ಪಲ್ಯಕ್ಕೂ ಮೀನಿನ ಸಾಸು ಬೀಳುತ್ತದೆ. ‘ಜೇ’ ಎಂದರೆ ಮಾಂಸ, ಮೀನು, ಮೊಟ್ಟೆ ಅಷ್ಟೇ ಅಲ್ಲ, ಬೆಳ್ಳುಳ್ಳಿಯೂ ಇಲ್ಲದ ಚೀನೀ ಬೌದ್ಧರ ಊಟ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಕಂಡಲ್ಲಿ ಅದು ಸಿಗುತ್ತದೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗುವವರಿಗೆ ಕೋಣೆಯ ಕೆಟಲ್ ಇದ್ದೇ ಇದೆ. ಅದರಲ್ಲಿ ನೀರು ಕಾಯಿಸಬೇಕು, ಉಪ್ಪಿಟ್ಟು ಮಾಡಬಾರದು.

ಇದೇ ಜಾಣತನ ನೆರೆಯ ರಾಜಧಾನಿಗಳಿಗೂ ಒಪ್ಪುತ್ತದೆ, ಹೆಸರುಗಳಷ್ಟೇ ಬದಲಾಗುತ್ತವೆ. ಕ್ವಾಲಾಲಂಪುರದ ಮೆಜೆಸ್ಟಿಕ್ ಎಂದರೆ ಬ್ರಿಕ್‌ಫೀಲ್ಡ್ಸ್. ವಿಮಾನ ನಿಲ್ದಾಣದ ರೈಲು ಬಂದು ನಿಲ್ಲುವ ಕೆ.ಎಲ್. ಸೆಂಟ್ರಲ್ ಪಕ್ಕದಲ್ಲೇ ಬಾಳೆಲೆಯ ಊಟ, ಬಟು ಗುಹೆಗೆ ಅಲ್ಲಿಂದಲೇ ರೈಲು. ವಿದೇಶಿಯರು ಕೋಣೆಗೆ ರಾತ್ರಿಗೆ 10 ರಿಂಗಿಟ್ ಪ್ರವಾಸಿ ತೆರಿಗೆ ಕೊಡುವ ಪದ್ಧತಿ ಅಲ್ಲಿ 2017ರಿಂದ ಇದೆ. ಆ್ಯಪಿನಲ್ಲಿ ಕಟ್ಟಿದ ದುಡ್ಡಿನಲ್ಲಿ ಸೇರದೆ ಕೌಂಟರಿನಲ್ಲಿ ಕೇಳಬಹುದು. ಸಿಂಗಪುರದಲ್ಲಿ ಸೆರಂಗೂನ್ ರಸ್ತೆಯ ಲಿಟಲ್ ಇಂಡಿಯಾ, ಕೋಣೆ ಮಾತ್ರ ಗಾಂಧಿನಗರಕ್ಕಿಂತ ಇಕ್ಕಟ್ಟು. ಹನೋಯಿಯ ಹಳೆಯ ಬಡಾವಣೆಯ ಕಿರಿದಾದ ಉದ್ದನೆಯ ಕಟ್ಟಡಗಳಲ್ಲಿ ಕಿಟಕಿಯೇ ಇಲ್ಲದ ಕೋಣೆಗಳಿವೆ. ಬುಕಿಂಗಿನಲ್ಲಿ ಅದನ್ನು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ.

ಮತ್ತೆ ಬ್ಯಾಂಕಾಕಿಗೆ ಬಂದರೆ, ಕೋಣೆ ಆರಿಸುವಾಗ ಮರಳುವ ದಿನವನ್ನೂ ಎಣಿಸಬೇಕು. ಅಲ್ಲಿ ಎರಡು ವಿಮಾನ ನಿಲ್ದಾಣಗಳಿವೆ. 2006ರಲ್ಲಿ ಶುರುವಾದ ಸುವರ್ಣಭೂಮಿ ನಗರದ ಪೂರ್ವಕ್ಕೆ, ಹಳೆಯ ಡಾನ್ ಮುಯಾಂಗ್ ಉತ್ತರಕ್ಕೆ. ಕಡಿಮೆ ದರದ ಕೆಲವು ವಿಮಾನಗಳು ಹಾರುವುದು ಡಾನ್ ಮುಯಾಂಗ್‌ನಿಂದ. ಸುವರ್ಣಭೂಮಿಗೆ ಫಯಾ ಥಾಯ್ ನಿಲ್ದಾಣದಿಂದ 2010ರಲ್ಲಿ ಬಂದ ರೈಲಿದೆ, ಟಿಕೆಟ್ 45 ಬಾತ್, ನಡುರಾತ್ರಿಯವರೆಗೆ ಓಡುತ್ತದೆ. ಡಾನ್ ಮುಯಾಂಗ್‌ಗೆ 2021ರಿಂದ ಕೆಂಪು ಮಾರ್ಗದ ರೈಲು. ವಿಮಾನ ರಾತ್ರಿಯದಾದರೆ ಹನ್ನೆರಡಕ್ಕೆ ಕೋಣೆ ಬಿಟ್ಟು ಬ್ಯಾಗು ಕೌಂಟರಿನಲ್ಲಿರಿಸಿ ಸಂಜೆಯವರೆಗೆ ಸುತ್ತಾಡಬಹುದು. ಹೋದ ದಿನ ಕೊಟ್ಟ ಸಾವಿರ–ಎರಡು ಸಾವಿರ ಬಾತ್ ಡಿಪಾಸಿಟ್ಟನ್ನು ಕೋಣೆ ಬಿಡುವಾಗಲೇ, ರಸೀದಿ ತೋರಿಸಿ ನಗದಾಗಿ ವಾಪಸು ಪಡೆಯಬೇಕು. ಕ್ರೆಡಿಟ್ ಕಾರ್ಡಿನಲ್ಲಿ ತಡೆಹಿಡಿದಿದ್ದರೆ ಅದು ಬಿಡುಗಡೆಯಾಗಲು ಊರಿಗೆ ಬಂದ ಮೇಲೂ ಕೆಲವು ದಿನ ಹಿಡಿಯುತ್ತದೆ.